ಮಗಳದು ಹಟ ಅಲ್ರೀ, ಬ್ಯಾನಿ
ತಾಟಿನ್ಯಾಗ ರೊಟ್ಟಿ ಮುರದು ಮುರದು ಇಡತಾಳ, ಬಾಯಿಗೆ ಹಾಕಂಗಿಲ್ಲ. ಏಕಾದಶಿ ಮುಗದ್ರೂ ಉಪವಾಸ ಬಿಡಂಗಿಲ್ಲ. ಮೈ ಸೊರಗೈತಿ, ಆದ್ರೂ ‘ನಾ ದಪ್ಪ ಅದೀನಿ’ ಅಂತಾಳ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಅಕ್ಕಾರ, ಅಣ್ಣಾರ, ಇದು ಅನೊರೆಕ್ಸಿಯಾ ಅನ್ನೋ ಬ್ಯಾನಿ ಇರಬಹುದು.

ಇದರಾಗ ವಂಶವಾಹಿಗಳ ಪಾಲು ದೊಡ್ಡದು. 2019ರಾಗ ಸುಮಾರು 17,000 ರೋಗಿಗಳ ಡಿಎನ್‌ಎ ನೋಡಿದ ವಿಜ್ಞಾನಿಗಳಿಗೆ ಇದಕ್ಕ ನಂಟಿರೋ ಎಂಟು ಜಾಗಾ ಸಿಕ್ಕವು. ಆ ನಂಟು ಬರೇ ಮನಸ್ಸಿಗಲ್ಲ. ಮೈ ಸಕ್ಕರಿ, ಕೊಬ್ಬು ಬಳಸೋ ರೀತಿಗೂ ಐತಿ. ಒಂದ ಜೀನ್ ಇದನ್ನ ತರಂಗಿಲ್ಲ. ಅತಿಯಾದ ಡಯಟ್, ಮಂದಿ ಚುಚ್ಚುಮಾತು ಇದನ್ನ ಕೆಣಕತಾವ.

ಮಗಳಿಗೆ ಬೈಬ್ಯಾಡ್ರಿ. ತಾಯಿದೂ ತಪ್ಪಲ್ಲ. ಡಾಕ್ಟರ್‌ಗೆ ತೋರಸ್ರಿ. ಟೆಲಿ ಮನಸ್ 14416ಕ್ಕ ಫೋನ್ ಹಚ್ರಿ, ಕನ್ನಡದಾಗ ಮಾತಾಡತಾರ, ರೊಕ್ಕ ಕೊಡೂದು ಬ್ಯಾಡ.