ಕಂಪು ಕಳೆಯನ್ನು ಕೊಲ್ಲಬಲ್ಲುದೇ?

ಘಟಪ್ರಭೆಯ ಸೀಮೆಗೆ ಸೇರಿದ ಮಸಗುಪ್ಪಿಯಂಥ ಊರುಗಳಲ್ಲಿ ಗೋವಿನಜೋಳ ಗೇಣುದ್ದ ಬೆಳೆಯುವಷ್ಟರಲ್ಲಿಯೇ ಕರಿಕೆ, ಜೇಕು, ಕಾಂಗ್ರೆಸ್ ಕಸಗಳೂ ಸಾಲುಗಳ ನಡುವೆ ತಲೆಯೆತ್ತುತ್ತವೆ. ಆಗ ಎಡೆ ಹೊಡೆಯಬೇಕು, ಕೈಯಿಂದ ಕಸ ತೆಗೆಯಬೇಕು, ಇಲ್ಲವೆ ಕಳೆನಾಶಕವನ್ನು ಕೊಳ್ಳಬೇಕು. ತುಳಸಿ, ಮಜ್ಜಿಗೆಹುಲ್ಲು, ನೀಲಗಿರಿಗಳ ರಸದಿಂದಲೇ ಈ ಕಾರ್ಯವಾಗುವಂತಿದ್ದರೆ ರೈತನ ದುಡಿಮೆಯೂ ಹಣವೂ ಉಳಿದಾವು. ಅದು ಸಾಧ್ಯವೇ?

ಸಸ್ಯದ ಕಂಪು ನಮ್ಮ ಸಂತೋಷಕ್ಕಾಗಿ ಹುಟ್ಟಿದುದಲ್ಲ. ಎಲೆಯ ಸೂಕ್ಷ್ಮ ಗ್ರಂಥಿಗಳಲ್ಲಿ ಬೇಗನೆ ಆವಿಯಾಗುವ ತೈಲಗಳು ಶೇಖರವಾಗಿರುತ್ತವೆ. ಕೀಟಗಳನ್ನೂ ಬೂಷ್ಟನ್ನೂ ದೂರವಿಡುವ ಈ ತೈಲಗಳಲ್ಲಿ ಕೆಲವು ನೆರೆಯ ಬೀಜದ ಮೊಳಕೆಯನ್ನೂ ತಡೆಯಬಲ್ಲವು. ಒಂದು ಸಸ್ಯವು ರಾಸಾಯನಿಕಗಳ ಮೂಲಕ ಇನ್ನೊಂದರ ಮೇಲೆ ಬೀರುವ ಪ್ರಭಾವಕ್ಕೆ ಹಾನ್ಸ್ ಮೋಲಿಶ್ 1937ರಲ್ಲಿ 'ಅಲೆಲೋಪಥಿ' ಎಂದು ಹೆಸರಿಟ್ಟನು. ನಿಂಬೆಗಂಪಿನ ನೀಲಗಿರಿಯ ತೈಲವು ಕಾಂಗ್ರೆಸ್ ಕಸದ ಮೊಳಕೆಯನ್ನು ತಡೆಯುವುದೆಂದು ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿಗಳು ತೋರಿಸಿದ್ದಾರೆ.

ಆದರೆ ಪ್ರಯೋಗಶಾಲೆಯ ತಟ್ಟೆಯೇ ಹೊಲವಲ್ಲ. ಸುವಾಸನೆಯ ಸಾಲ್ವಿಯ ಪೊದೆಗಳ ಸುತ್ತ ನೆಲ ಬರಿದಾಗಿರುವುದಕ್ಕೆ ಅವುಗಳ ಆವಿಯೇ ಕಾರಣವೆಂದು 1964ರಲ್ಲಿ ಕ್ಯಾಲಿಫೋರ್ನಿಯದ ಸಿ. ಎಚ್. ಮುಲ್ಲರ್ ಮತ್ತು ಸಂಗಡಿಗರು ವಾದಿಸಿದರು. 1970ರಲ್ಲಿ ಬಾರ್ತಲೊಮ್ಯೂ ಎಂಬವರು ಆ ನೆಲಕ್ಕೆ ಪ್ರಾಣಿಗಳು ಬಾರದಂತೆ ತಂತಿಬಲೆ ಕಟ್ಟಿ ನೋಡಿದರು. ಅಲ್ಲಿ ಹುಲ್ಲು ಬೆಳೆಯಿತು! ಪೊದೆಯಲ್ಲಿ ಅಡಗಿದ್ದ ಇಲಿ ಮೊಲಗಳು ಮೇದು ನೆಲವನ್ನು ಬೋಳುಮಾಡುತ್ತಿದ್ದವು.

ಬೇರೆ ತೊಡಕುಗಳೂ ಉಂಟು. ತೈಲವು ಬಿಸಿಲಿಗೆ ಬೇಗ ಆರಿಹೋಗುತ್ತದೆ. ಎಲೆ ಸುಟ್ಟರೂ ಜೇಕಿನ ಗಡ್ಡೆ ಮಣ್ಣಿನೊಳಗಿಂದ ಮತ್ತೆ ಚಿಗುರುತ್ತದೆ. ಎಲ್ಲಕ್ಕೂ ಮಿಗಿಲಾಗಿ, ಜೋಳ, ಗೋದಿ, ಗೋವಿನಜೋಳಗಳೂ ಹುಲ್ಲಿನ ಕುಲದವೇ. ಕರಿಕೆಯನ್ನು ಕೊಲ್ಲುವ ರಸವು ಬೆಳೆಯನ್ನು ಬಿಟ್ಟೀತೆ?

ಈ ಪ್ರಶ್ನೆಗೆ ಒಂದು ಉತ್ತರವನ್ನು ಉದ್ಯಾನದ ಬಾಟಲ್‌ಬ್ರಷ್ ಗಿಡ ಒದಗಿಸಿತು. ಅದರ ಕೆಳಗೆ ಕಳೆಗಳು ವಿರಳವಾಗಿದ್ದುದನ್ನು 1977ರಲ್ಲಿ ಕ್ಯಾಲಿಫೋರ್ನಿಯದ ವಿಜ್ಞಾನಿಯೊಬ್ಬರು ಗಮನಿಸಿದರು. ಅಲ್ಲಿ ದೊರೆತ ಲೆಪ್ಟೊಸ್ಪರ್ಮೋನ್ ಎಂಬ ವಸ್ತುವಿನ ಶಕ್ತಿ ಅಲ್ಪ. ಅದರ ರಚನೆಯನ್ನು ಅನುಸರಿಸಿ ರಸಾಯನಜ್ಞರು ರೂಪಿಸಿದ ಮೆಸೊಟ್ರಯೋನ್ 2001ರಲ್ಲಿ ಮಾರುಕಟ್ಟೆಗೆ ಬಂದಿತು. ಗೋವಿನಜೋಳವು ಅದನ್ನು ತನ್ನೊಳಗೆ ಬೇಗ ಒಡೆದು ನಿರ್ವಿಷಗೊಳಿಸುತ್ತದೆ. ಹಾಗೆ ಮಾಡಲಾರದ ಕಳೆಗಳ ಎಲೆ ಬೆಳ್ಳಗಾಗಿ ಅವು ಸಾಯುತ್ತವೆ. ಗಿಡದ ರಸವೇ ಔಷಧವಾಗಲಿಲ್ಲ. ಔಷಧದ ದಾರಿಯನ್ನು ಮಾತ್ರ ತೋರಿಸಿತು.

ವಿದ್ಯಾರ್ಥಿಗಳು ಇದನ್ನು ಸ್ವತಃ ಪರೀಕ್ಷಿಸಬಹುದು. ಎರಡು ತಟ್ಟೆಗಳಲ್ಲಿ ಬಟ್ಟೆ ಹಾಸಿ, ಒಂದಕ್ಕೆ ನೀರನ್ನೂ ಇನ್ನೊಂದಕ್ಕೆ ತುಳಸಿಯ ರಸವನ್ನೂ ಚಿಮುಕಿಸಿ, ಎರಡರಲ್ಲಿಯೂ ಕಳೆಯ ಬೀಜಗಳನ್ನು ಎಣಿಸಿ ಇಡಿರಿ. ವಾರದ ತನಕ ಮೊಳಕೆಗಳನ್ನು ಲೆಕ್ಕಹಾಕಿರಿ. ಪಕ್ಕದಲ್ಲಿ ಜೋಳದ ಬೀಜಗಳನ್ನೂ ಇಡಲು ಮರೆಯಬೇಡಿರಿ. ಕಳೆ ಅಳಿದುದಷ್ಟರಿಂದಲೇ ಪರೀಕ್ಷೆ ಮುಗಿಯುವುದಿಲ್ಲ, ಬೆಳೆ ಉಳಿಯಬೇಕು.