ಬರಿದಾದ ತೋಟಾ

ಬಂದೂಕಿನ ಪ್ರಸ್ತಾಪ ಬಂದಾಗ ನಾವೆಲ್ಲ ಆಡುವುದು ಅದರಿಂದ ಹಾರಿಹೋದ ಗುಂಡಿನ ಮಾತನ್ನೇ. ಗುಂಡು ಎಷ್ಟು ದೂರ ಹೋಯಿತು, ಎಲ್ಲಿ ತಗುಲಿತು, ಹೊಡೆದವರು ಯಾರು, ಇಷ್ಟು ತಿಳಿದರೆ ನಮ್ಮ ಕುತೂಹಲ ತಣಿಯುತ್ತದೆ. ಗುಂಡು ಹೋದ ಮೇಲೆ ಒಳಗೆ ಉಳಿಯುವ ಹಿತ್ತಾಳೆಯ ಬರಿಯ ಕೊಳವೆಯ ಗತಿಯೇನೆಂದು ಕೇಳುವವರು ವಿರಳ. ಆದರೆ ಆ ಕೊಳವೆ ಹೊರಗೆ ಬೀಳದಿದ್ದರೆ ಎರಡನೆಯ ಗುಂಡಿಗೆ ಒಳಗೆ ಸ್ಥಳವೇ ಇಲ್ಲ. ನಮ್ಮ ಮಂಡ್ಯದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಲೆಮನೆಯಲ್ಲಿ ಗಾಣದ ಮುಂದೆ ಕುಳಿತು ಕಬ್ಬು ಕೊಡುವವನ ಕಣ್ಣು ಮುಂದಿನ ಜಲ್ಲೆಯ ಮೇಲೆ ಎಷ್ಟಿರುತ್ತದೆಯೋ ಹಿಂದಿನಿಂದ ಹೊರಬೀಳುವ ರಚ್ಚಿನ ಮೇಲೂ ಅಷ್ಟೇ ಇರುತ್ತದೆ. ರಚ್ಚು ಕಟ್ಟಿಕೊಂಡಿತೆಂದರೆ ಗಾಣ ನಿಂತಿತೆಂದೇ ಅರ್ಥ.

ಈ ತೊಡಕು ಬಂದೂಕಿನಷ್ಟು ಹಳೆಯದಲ್ಲ. 1799ರ ಮಾರ್ಚ್ 27ರಂದು ಮಳವಳ್ಳಿಯ ಬಯಲಿನಲ್ಲಿ ಟಿಪ್ಪುಸುಲ್ತಾನನ ಸೈನ್ಯಕ್ಕೂ ಜನರಲ್ ಹ್ಯಾರಿಸನ ಸೈನ್ಯಕ್ಕೂ ಕಾಳಗ ನಡೆದಾಗ ಎರಡು ಕಡೆಯ ಪದಾತಿಗಳ ಕೈಯಲ್ಲಿಯೂ ಇದ್ದುದು ಚಕಮಕಿ ಕಲ್ಲಿನ ಕೋವಿಗಳು. ಸಿಪಾಯಿಯಾದವನು ಕಾಗದದ ಪೊಟ್ಟಣವನ್ನು ಹಲ್ಲಿನಿಂದ ಹರಿದು, ಮದ್ದನ್ನು ನಳಿಗೆಯ ಬಾಯಿಂದ ಸುರಿದು, ಗುಂಡನ್ನೂ ಕಾಗದವನ್ನೂ ಗಜದಿಂದ ಜಡಿದು ಹೊಡೆಯಬೇಕಾಗಿತ್ತು. ಚೆನ್ನಾಗಿ ಪಳಗಿದವನು ಒಂದು ನಿಮಿಷದಲ್ಲಿ ಎರಡು ಮೂರು ಸಲ ಹೊಡೆದರೆ ಅದೇ ಹೆಚ್ಚು. ಹೊಡೆದ ಮೇಲೆ ಒಳಗೆ ಉಳಿಯುತ್ತಿದ್ದುದು ಮಸಿ ಮಾತ್ರ. ಹೊರಗೆ ಎಸೆಯಬೇಕಾದ ವಸ್ತುವೇ ಇರಲಿಲ್ಲ. ಆ ಕಾಳಗವಾದ ಐದಾರು ವಾರಗಳಲ್ಲಿ, ಮೇ 4ರಂದು, ಶ್ರೀರಂಗಪಟ್ಟಣ ಬಿದ್ದಿತು. ಮದ್ದೂರೆಂಬ ಹೆಸರೇ ಆ ಕಾಲದ ಮದ್ದಿನಿಂದ ಬಂದುದೆಂದು ನಮ್ಮ ಜನ ಹೇಳುವುದುಂಟು. ವಿದ್ವಾಂಸರು ಒಪ್ಪಲಿ ಬಿಡಲಿ, ಸಿಡಿಯುವುದಕ್ಕೂ ಗುಣಪಡಿಸುವುದಕ್ಕೂ ಮದ್ದು ಎಂಬ ಒಂದೇ ಮಾತನ್ನು ಇಟ್ಟುಕೊಂಡ ಭಾಷೆ ನಮ್ಮದು.

ಮುಂದಿನ ಶತಮಾನದಲ್ಲಿ ಮದ್ದು, ಗುಂಡು, ಕೇಪು ಮೂರನ್ನೂ ಒಂದೇ ಹಿತ್ತಾಳೆಯ ಕೊಳವೆಯಲ್ಲಿ ಸೇರಿಸುವ ಉಪಾಯ ಬಂತು. ತೋಟಾ ಎಂದು ನಾವು ಕರೆಯುವುದು ಇದನ್ನೇ. ಹಿತ್ತಾಳೆಯ ಗುಣವೇನೆಂದರೆ, ಸಿಡಿತದ ಒತ್ತಡಕ್ಕೆ ಅದು ಹಿಗ್ಗಿ ತಾನು ಕುಳಿತ ಗೂಡಿನ ಗೋಡೆಗೆ ಅಂಟಿಕೊಳ್ಳುತ್ತದೆ. ಹಬೆ ಹಿಂದಕ್ಕೆ ನುಗ್ಗದಂತೆ ತಡೆಯುತ್ತದೆ. ಒತ್ತಡ ಇಳಿದ ಕೂಡಲೆ ತುಸು ಕುಗ್ಗಿ ಗೋಡೆಯನ್ನು ಬಿಡುತ್ತದೆ. ಹೀಗೆ ಬಿಟ್ಟುದನ್ನು ಹಿಡಿದೆಳೆಯುವುದಕ್ಕೆ ಒಂದು ಕೊಕ್ಕೆ, ಎಳೆದುದನ್ನು ಪಕ್ಕಕ್ಕೆ ಚಿಮ್ಮಿಸುವುದಕ್ಕೆ ಒಂದು ಮೊಳೆ ಬೇಕಾಯಿತು. ಮೊದಲನೆಯದು ಎಕ್ಸ್‌ಟ್ರಾಕ್ಟರ್, ಎರಡನೆಯದು ಎಜೆಕ್ಟರ್.

ನಮ್ಮ ನಾಡಿನ ಸಾವಿರಾರು ವಿದ್ಯಾರ್ಥಿಗಳು ಈ ಎರಡು ಮಾತುಗಳನ್ನು ಕಲಿತದ್ದು .303 ಬಂದೂಕಿನ ಮೇಲೆ. ಜೇಮ್ಸ್ ಪ್ಯಾರಿಸ್ ಲೀ ಎಂಬಾತನ ಬೋಲ್ಟು, ಇಂಗ್ಲೆಂಡಿನ ಎನ್‌ಫೀಲ್ಡ್ ಕಾರ್ಖಾನೆಯ ನಳಿಗೆ ಇವೆರಡೂ ಕೂಡಿ 1895ರಲ್ಲಿ ಬ್ರಿಟಿಷ್ ಸೈನ್ಯಕ್ಕೆ ಸೇರಿದ ಆಯುಧ ಅದು. ನಳಿಗೆಯ ಒಳ ಅಳತೆ ಒಂದು ಅಂಗುಲವನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ 303 ಪಾಲು. ಆದ್ದರಿಂದಲೇ ‘ತ್ರೀ ನಾಟ್ ತ್ರೀ’ ಎಂಬ ಹೆಸರು. ಬಂಗಾಳದ ಇಷಾಪುರದಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕದಿಂದ ಇದನ್ನು ತಯಾರಿಸತೊಡಗಿದರು. 1948ರಲ್ಲಿ ಎನ್.ಸಿ.ಸಿ. ಸ್ಥಾಪನೆಯಾಯಿತು, ಚೀನದ ಯುದ್ಧದ ತರುವಾಯ, 1963ರಿಂದ 1968ರವರೆಗೆ, ಕಾಲೇಜಿನ ಹುಡುಗರಿಗೆ ಅದು ಕಡ್ಡಾಯವೂ ಆಗಿತ್ತು. ಹೊಲ ಬಿಟ್ಟು ಬಂದ ರೈತರ ಮಕ್ಕಳು ಸೈನ್ಯದ ಆಯುಧವನ್ನು ಹೆಗಲಿಗೇರಿಸಿದ್ದು ಹೀಗೆ.

ನಾನು ಮಂಡ್ಯದಲ್ಲಿ ಅಧ್ಯಾಪಕನಾಗಿದ್ದು ಎನ್.ಸಿ.ಸಿ.ಯ ಹೊಣೆಯನ್ನೂ ಹೊತ್ತಿದ್ದ ಕಾಲ. 1982ರಲ್ಲಿ ನಮಗೆ ಕೆಲವು ‘ಹೊಸ’ ಬಂದೂಕುಗಳು ಬಂದವು. ಹೊಸವು ನಮಗೆ ಮಾತ್ರ. ಒಂದರ ಕೊರಳಪಟ್ಟಿಯ ಮೇಲೆ ಕಿರೀಟದ ಮುದ್ರೆಯೂ ಅದರ ಕೆಳಗೆ ಇಷಾಪುರವೆಂಬ ಹೆಸರೂ 1943 ಎಂಬ ಇಸವಿಯೂ ಇದ್ದವು. ಅಷ್ಟು ವರ್ಷ ಎಷ್ಟು ಕೈ ದಾಟಿ, ಎಷ್ಟು ಉಗ್ರಾಣಗಳಲ್ಲಿ ಮಲಗಿ ಬಂದಿತ್ತೋ. ಮರದ ಭಾಗವನ್ನು ಎಣ್ಣೆ ಹಾಕಿ ಉಜ್ಜಿದಾಗ ಅದು ಬಹಳ ಚೆಲುವಾಗಿ ಕಂಡಿತು.

ಆ ಡಿಸೆಂಬರಿನ ಶಿಬಿರದಲ್ಲಿ, ಮದ್ದೂರಿನ ಆಚೆಯ ಗುಡ್ಡದ ಬುಡದಲ್ಲಿ, ಗುರಿಕಾರರ ತಂಡಕ್ಕೆ ಹುಡುಗರನ್ನು ಆರಿಸುತ್ತಿದ್ದರು. ಗೊತ್ತಾದ ಹೊತ್ತಿನೊಳಗೆ ಐದು ಗುಂಡು ಹೊಡೆಯಬೇಕು. ಮಳವಳ್ಳಿ ತಾಲ್ಲೂಕಿನ ಹಳ್ಳಿಯೊಂದರಿಂದ ಬಂದ ಹುಡುಗನೊಬ್ಬನ ಪಾಲಿಗೆ ಈ 1943ರ ಬಂದೂಕು ಬಂತು. ಮೊದಲ ಗುಂಡು ಹಲಗೆಯ ನಡುವಿಗೆ ಹೋಯಿತು. ಬೋಲ್ಟನ್ನು ಹಿಂದಕ್ಕೆಳೆದರೆ ಬರಿದಾದ ತೋಟಾ ಹೊರಗೆ ಚಿಮ್ಮಲಿಲ್ಲ. ಅಲ್ಲಿಯೇ ಉರುಳಿ ಬಿತ್ತು. ಅದನ್ನು ಬೆರಳಿನಿಂದ ಕೆದಕಿ ತೆಗೆಯುವಷ್ಟರಲ್ಲಿ ಹೊತ್ತು ಕಳೆಯಿತು. ಮೂರನೆಯ ಗುಂಡಿಗೆ ಬೋಲ್ಟೇ ಏಳದೆ ಬಿಗಿದುಕೊಂಡಿತು. ಸೀಟಿ ಊದಿದಾಗ ಅವನದು ಮೂರೇ ಗುಂಡು.

ಶಿಕ್ಷಣ ಕೊಡುತ್ತಿದ್ದವರೊಬ್ಬರು, “ಕೈಯಲ್ಲಿ ಕಸುವಿಲ್ಲ, ಬೋಲ್ಟನ್ನು ಅಂಜುತ್ತಾ ಎಳೆಯುತ್ತಾನೆ,” ಎಂದು ತೀರ್ಪು ಕೊಟ್ಟು ಅವನ ಹೆಸರನ್ನು ಹೊಡೆದುಹಾಕಲು ಹೊರಟರು. ಈ ಮಾತು ತೀರ ಆಧಾರವಿಲ್ಲದುದೇನೂ ಅಲ್ಲ. ಆ ಬಂದೂಕಿನ ಎಡಗೋಡೆಯಲ್ಲಿ ಎಜೆಕ್ಟರಿನ ಮೊಳೆ ಇರುವುದು ಬೋಲ್ಟಿನ ಓಟದ ಕೊನೆಯಲ್ಲಿ. ಅರ್ಧಕ್ಕೆ ಎಳೆದು ಬಿಟ್ಟರೆ ತೋಟಾ ಮೊಳೆಯವರೆಗೆ ಬರುವುದೇ ಇಲ್ಲ. ಹೊಸಬರ ಕೈಯಲ್ಲಿ ಕಾಣುವ ತೊಂದರೆಗಳಲ್ಲಿ ಅರ್ಧ ಈ ಬಗೆಯದು. ಹುಡುಗ ಮಾತ್ರ ತಲೆ ತಗ್ಗಿಸಲಿಲ್ಲ. ನನ್ನ ಕಡೆ ತಿರುಗಿ, “ಗಾಣ ಕಟ್ಕಂಡ್ರೆ ಕಬ್ಬು ಕೊಟ್ಟೋನ್ನ ಬಯ್ಯಕಿಲ್ಲ ಸಾ. ಮೊದ್ಲು ಗಾಣ ನೋಡ್ತೀವಿ,” ಎಂದ.

ಬಂದೂಕುಗಳ ದುರಸ್ತಿ ನೋಡಿಕೊಳ್ಳುತ್ತಿದ್ದ ಹವಾಲ್ದಾರರು ಕೊಡಗಿನವರು. ಅವರು ಯಾರ ಪಕ್ಷವನ್ನೂ ವಹಿಸಲಿಲ್ಲ. ನಳಿಗೆಯನ್ನು ಗುರಿಯ ದಿಕ್ಕಿಗೇ ಇರಿಸಿ, ಮ್ಯಾಗಜೀನನ್ನು ಕಳಚಿ, ಒಳಗೆ ಜೀವಂತ ತೋಟಾ ಇಲ್ಲವೆಂದು ಕಣ್ಣಿನಿಂದ ನೋಡಿ, ಬೆರಳಿನಿಂದಲೂ ಮುಟ್ಟಿ ಖಚಿತಪಡಿಸಿಕೊಂಡ ಮೇಲೆಯೇ ಅವರು ಮಾತಿಗೆ ಆರಂಭಿಸಿದರು. “ಎರಡೇ ಪ್ರಶ್ನೆ, ಸಾರ್. ತೋಟಾ ಗೂಡು ಬಿಟ್ಟು ಬಂತೇ? ಬಂದದ್ದು ಹೊರಗೆ ಹೋಯಿತೇ? ಎರಡನ್ನೂ ಒಂದೇ ಕಾಯಿಲೆ ಅಂದುಕೊಂಡರೆ ಕೆಟ್ಟೆವು.”

ಮೊದಲ ಗುಂಡಿನ ತೋಟಾ ಗೂಡು ಬಿಟ್ಟು ಬಂದಿತ್ತು, ಹೊರಗೆ ಹೋಗಿರಲಿಲ್ಲ. ಆದ್ದರಿಂದ ಅವರು ಬೋಲ್ಟನ್ನು ಹೊರತೆಗೆದು ಅದರ ತಲೆಯಲ್ಲಿರುವ ಕೊಕ್ಕೆಗೆ ಬರಿದಾದ ತೋಟಾವೊಂದರ ಅಂಚನ್ನು ಸಿಕ್ಕಿಸಿ ಅಡ್ಡಲಾಗಿ ಹಿಡಿದರು. ಕೊಕ್ಕೆ ಗಟ್ಟಿಯಾಗಿದ್ದರೆ ತೋಟಾ ಅಲ್ಲಿಯೇ ನಿಲ್ಲಬೇಕು. ಅದು ತಲೆ ಬಾಗಿಸಿ ಕೆಳಗೆ ಬಿತ್ತು. ಬಾವಿಗೆ ಬಿದ್ದ ಬಿಂದಿಗೆಯನ್ನು ಪಾತಾಳಗರಡಿ ಹಿಡಿದೆತ್ತುವಂತೆ ಈ ಕೊಕ್ಕೆ ತೋಟಾವನ್ನು ಕೊನೆಯವರೆಗೆ ಬಿಗಿಯಾಗಿ ಎಡಗೋಡೆಗೆ ಒತ್ತಿ ತರಬೇಕು. ಆಗಲೇ ಮೊಳೆಗೆ ತಾಗಿ ಅದು ಬಲಕ್ಕೆ ಚಿಮ್ಮುವುದು. ದಾರಿಯಲ್ಲಿ ಹಿಡಿತ ಸಡಿಲಿದರೆ ಮೊಳೆ ಎಷ್ಟು ಸರಿಯಿದ್ದರೂ ಪ್ರಯೋಜನವಿಲ್ಲ. ಹವಾಲ್ದಾರರು ಕೊಕ್ಕೆಯ ಸಂದನ್ನು ಕೆರೆದು ತೋರಿಸಿದರು. ಉಗ್ರಾಣದಲ್ಲಿ ತುಕ್ಕು ಹಿಡಿಯದಿರಲೆಂದು ಬಳಿದ ಗ್ರೀಸು ವರ್ಷಗಟ್ಟಲೆ ಒಣಗಿ ಅರಗಿನಂತೆ ಗಟ್ಟಿಯಾಗಿತ್ತು. ಅದರ ಹಿಂದಿನ ಉಕ್ಕಿನ ಸ್ಪ್ರಿಂಗು, ಬೆರಳ ಉಗುರಿಗಿಂತ ತುಸು ದೊಡ್ಡದು, ಸೋತು ಚಪ್ಪಟೆಯಾಗಿತ್ತು. ಸಂದನ್ನು ಸೀಮೆಎಣ್ಣೆಯಲ್ಲಿ ತೊಳೆದು ಬೇರೊಂದು ಸ್ಪ್ರಿಂಗನ್ನು ಹಾಕಿದರು. ಎಡಗೋಡೆಯ ಮೊಳೆಯ ತುದಿ ಸವೆದಿದೆಯೇ ಎಂದೂ ನೋಡಿದರು, ಸವೆದಿರಲಿಲ್ಲ.

ಇನ್ನು ಮೂರನೆಯ ಗುಂಡಿನ ಬಿಗಿತ. ಲೀ ಮಹಾಶಯನ ಬೋಲ್ಟಿನಲ್ಲಿ ಹೊಡೆಯುವ ಸೂಜಿಯ ಸ್ಪ್ರಿಂಗು ಬಿಗಿಯಾಗುವುದು ಮುಚ್ಚುವಾಗಲೇ ಹೊರತು ತೆರೆಯುವಾಗ ಅಲ್ಲ. ಆದ್ದರಿಂದ ಹಿಡಿಯನ್ನು ಎತ್ತುವುದು ಹಗುರವಾಗಿರಬೇಕು. ಅದು ಬಿಗಿದರೆ ದೋಷ ಕೊಕ್ಕೆಯಲ್ಲಿಲ್ಲ, ತೋಟಾ ಗೂಡನ್ನೇ ಬಿಡುತ್ತಿಲ್ಲವೆಂದು ತಿಳಿಯಬೇಕು. ಹವಾಲ್ದಾರರು ಆ ಮೂರನೆಯ ತೋಟಾವನ್ನು ಬಿಸಿಲಿಗೆ ಹಿಡಿದು ಹುಡುಗನ ಕೈಗೆ ಕೊಟ್ಟರು. ನುಣ್ಣಗಿರಬೇಕಾದ ಹಿತ್ತಾಳೆಯ ಮೈಯಲ್ಲಿ ಸಣ್ಣ ಸಣ್ಣ ಗುಬುಟುಗಳೂ ಗೀರುಗಳೂ ಎದ್ದಿದ್ದವು. ಗೂಡಿನ ಗೋಡೆಯಲ್ಲಿ ತುಕ್ಕು ತಿಂದ ಕುಳಿಗಳಿದ್ದವು. ಹಿಗ್ಗಿದ ಹಿತ್ತಾಳೆ ಅವುಗಳೊಳಗೆ ಹೊಕ್ಕು ಬೇರೂರಿತ್ತು.

ಈ ತುಕ್ಕಿನ ಕಾರಣವನ್ನು ಅವರು ವಿವರಿಸಿದ ರೀತಿ ರಸಾಯನಶಾಸ್ತ್ರದ ಪಾಠದಂತಿತ್ತು. ಆ ಕಾಲದ .303 ತೋಟಾದ ಕೇಪಿನಲ್ಲಿ ಪೊಟಾಸಿಯಂ ಕ್ಲೋರೇಟ್ ಇರುತ್ತಿತ್ತು. ಸಿಡಿದ ಮೇಲೆ ಅದು ಪೊಟಾಸಿಯಂ ಕ್ಲೋರೈಡ್ ಎಂಬ ಲವಣವಾಗಿ ನಳಿಗೆಯಲ್ಲಿ ಉಳಿಯುತ್ತದೆ. ಅಡಿಗೆಮನೆಯ ಉಪ್ಪಿನ ಜಾಡಿ ಮಳೆಗಾಲದಲ್ಲಿ ನೀರೊಡೆಯುವಂತೆ ಈ ಲವಣವೂ ಗಾಳಿಯ ತೇವವನ್ನು ಹೀರಿ ಉಕ್ಕನ್ನು ತಿನ್ನುತ್ತದೆ. ಇದು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಆದಕಾರಣ ಹಳೆಯ ಸಿಪಾಯಿಗಳು ಗುಂಡು ಹೊಡೆದ ದಿನವೇ ಲಾಳಿಕೆಯಿಟ್ಟು ಕುದಿಯುವ ನೀರನ್ನು ನಳಿಗೆಗೆ ಹೊಯ್ದು, ಪುಲ್‌ಥ್ರೂ ಹಗ್ಗಕ್ಕೆ ಚಿಂದಿ ಕಟ್ಟಿ ಒರಸಿ, ಆಮೇಲೆ ಎಣ್ಣೆ ಹಚ್ಚುತ್ತಿದ್ದರು. ಬಿಸಿಯಾದ ಉಕ್ಕು ತಾನೇ ಒಣಗುತ್ತಿತ್ತು. ಎಲ್ಲಿಯೋ ಯಾರೋ ನೀರಿನ ಕೆಲಸವನ್ನು ಬಿಟ್ಟು ಬರಿಯ ಎಣ್ಣೆ ಸವರಿದ್ದರು. ಉಪ್ಪಿನ ಮೇಲೆ ಹೊಳಪು ಕೂತಿತ್ತು. “ನಮ್ಮ ಊರಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜೆ ಮಾಡ್ತೇವೆ, ತಮ್ಮಾ,” ಎಂದು ಅವರು ಹುಡುಗನಿಗೆ ಹೇಳಿದರು. “ಆದರೆ ಹೂ ಆಮೇಲೆ. ತೊಳೆಯೋದು ಮೊದಲು.”

ಸ್ಪ್ರಿಂಗು ಬದಲಾಯಿಸಿದ ಮೇಲೆ ಅದೇ ಹುಡುಗನಿಂದ ಮತ್ತೆ ಹೊಡೆಸಿದರು. ಮೊದಲೆರಡು ತೋಟಾಗಳು ಟಣ್ಣನೆ ಬಲಕ್ಕೆ ಹಾರಿಬಿದ್ದವು. ನಳಿಗೆ ಕಾದ ಮೇಲೆ ಬಿಗಿತ ಮರಳಿ ಬಂತು. ಸ್ಪ್ರಿಂಗಿಗೆ ಮದ್ದುಂಟು, ತುಕ್ಕು ತಿಂದ ಗೂಡಿಗೆ ಮದ್ದಿಲ್ಲ. ಉಜ್ಜಿ ನುಣುಪು ಮಾಡಹೊರಟರೆ ಗೂಡು ಹಿಗ್ಗಿ ಹಿತ್ತಾಳೆ ಸೀಳುವ ಅಪಾಯವುಂಟು. ಹವಾಲ್ದಾರರು ಎರಡನೆಯ ಮಾತಿಲ್ಲದೆ ಆ ಬಂದೂಕನ್ನು ಗುಂಡಿನ ಸಾಲಿನಿಂದ ತೆಗೆದು ಕವಾಯಿತಿನ ಸಾಲಿಗೆ ಬರೆದರು. ಹುಡುಗನಿಗೆ ಬೇರೊಂದನ್ನು ಕೊಟ್ಟರು. ಅವನ ಐದು ಗುಂಡೂ ಹೊತ್ತಿನೊಳಗೆ ಹೋದವು. ಹೆಸರು ಪಟ್ಟಿಯಲ್ಲಿ ಉಳಿಯಿತು. ಸಂಜೆ ಬರಿದಾದ ತೋಟಾಗಳನ್ನು ಎಣಿಸಿ ಒಪ್ಪಿಸುವ ಪದ್ಧತಿ. ಒಂದು ಕಡಿಮೆಯಾದರೂ ಕತ್ತಲೆಯವರೆಗೆ ಹುಲ್ಲಿನಲ್ಲಿ ಹುಡುಕಬೇಕು. ಆ ದಿನ ಎಣಿಕೆ ಮಾಡಿದವನು ಅವನೇ. ಮೊದಲು ನೆಲದ ಮೇಲಿನ ಕಸದಂತೆ ಕಂಡವನ್ನು ಈಗ ಒಂದೊಂದನ್ನೂ ತಿರುಗಿಸಿ ನೋಡಿ, ಯಾವ ಬಂದೂಕಿನ ಅಂಚು ಹರಿದಿದೆ, ಯಾವುದರ ಮೈ ಗೀರಿದೆ ಎಂದು ಹವಾಲ್ದಾರರಿಗೆ ತೋರಿಸುತ್ತಿದ್ದ.

ಈಗ ಆ ಆಯುಧದ ಕಾಲ ಮುಗಿಯುತ್ತ ಬಂದಿದೆ. ಉತ್ತರ ಪ್ರದೇಶದ ಪೋಲೀಸರು 2020ರ ಗಣರಾಜ್ಯೋತ್ಸವದಂದು .303ಕ್ಕೆ ವಿಧ್ಯುಕ್ತವಾಗಿ ಬೀಳ್ಕೊಡುಗೆ ಕೊಟ್ಟರು. ಸಾಮಾನ್ಯ ನಾಗರಿಕರಿಗೆ ಆ ಅಳತೆಯ ಬಂದೂಕಿಗೆ ಪರವಾನಗಿ ದೊರೆಯುವಂತಿಲ್ಲ. ಆದರೆ ಅದೇ ಬೋಲ್ಟಿನ ವಿನ್ಯಾಸದಲ್ಲಿ ಇಷಾಪುರದವರು.315 ಅಳತೆಯ ಬಂದೂಕನ್ನು ಸಾರ್ವಜನಿಕರಿಗಾಗಿ ತಯಾರಿಸಿದರು. ಅಜ್ಜನ ಕಾಲದ ಅಂಥದೊಂದು ಪರವಾನಗಿಯೊಡನೆ ಮೊಮ್ಮಗನ ಹೆಸರಿಗೆ ಬರುವುದುಂಟು. ಬಂದ ದಿನವೇ ಅದರ ಮರಕ್ಕೆ ಎಣ್ಣೆ ಹಚ್ಚಿ ಗೋಡೆಗೆ ಒರಗಿಸಿ ನೋಡುವ ಆಸೆ ಸಹಜವಾದುದೇ. ಅದಕ್ಕೆ ಮೊದಲು ಪರವಾನಗಿಯುಳ್ಳ ಕೋವಿ ಕೆಲಸದವನ ಬಳಿಗೆ ಒಯ್ದು ಗೂಡನ್ನು ತೋರಿಸುವುದು ಮೇಲು. ಹೊಡೆದ ತೋಟಾ ಸಿಕ್ಕಿಕೊಂಡರೆ ಬೋಲ್ಟಿನ ಹಿಡಿಯ ಮೇಲೆ ಸುತ್ತಿಗೆಯಿಂದ ಬಡಿಯಬಾರದು. ಹೊರಬಂದ ತೋಟಾವನ್ನು ಎಸೆಯದೆ ಜೊತೆಗೆ ಕೊಂಡೊಯ್ಯಬೇಕು. ರೋಗಿಯ ನಾಡಿಯನ್ನು ನೋಡುವವನಿಗೆ ಅದರಷ್ಟು ಒಳ್ಳೆಯ ಸಾಕ್ಷಿ ಬೇರೊಂದಿಲ್ಲ.

ಅಧ್ಯಾಪಕ ವೃತ್ತಿಯಲ್ಲಿ ನಾನು ಅನೇಕ ತೀರ್ಪುಗಳನ್ನು ಕೇಳಿದ್ದೇನೆ. ಹುಡುಗ ಮಂದ, ಹುಡುಗಿಗೆ ಗಮನವಿಲ್ಲ, ಹಳ್ಳಿಯವರಿಗೆ ಇಂಗ್ಲಿಷು ಹತ್ತದು, ಹೀಗೆ. ಕೆಲವು ನಿಜವೂ ಇರಬಹುದು. ಆದರೆ ಆ ಹವಾಲ್ದಾರರ ಎರಡು ಪ್ರಶ್ನೆಗಳನ್ನು ಕೇಳಿದ ಮೇಲೆ, ಕೊಟ್ಟ ಬಂದೂಕನ್ನು ಬಿಚ್ಚಿ ನೋಡದೆ ಹಿಡಿದ ಕೈಯನ್ನು ದೂರುವ ಮಾತು ನನ್ನ ಬಾಯಿಗೆ ಸುಲಭವಾಗಿ ಬಂದುದಿಲ್ಲ.