ಹೆಜ್ಜೆ ತಪ್ಪಿದರೂ ನಡಿಗೆ ನಿಲ್ಲದಿರಲಿ
ಡ್ರಮ್ ಕೋರ್ ಸೇರಿದ ಹೊಸಬರಿಗೂ ಅವರ ಪಾಲಕರಿಗೂ ಕೆಲವು ಮಾತು

ಜಾತ್ರೆಯ ದಿನ ನಂದಿಕೋಲಿನ ಮುಂದೆ ಸಮಾಳ ಮೊಳಗಿದಾಗ ನಮ್ಮೆಲ್ಲರ ಮೈ ನವಿರೇಳುತ್ತದೆ. ಆದರೆ ಆ ನಾದದ ಹಿಂದಿರುವ ಬೊಕ್ಕೆಯೆದ್ದ ಅಂಗೈಗಳನ್ನೂ ನೋಯುವ ಹೆಗಲುಗಳನ್ನೂ ನಾವು ನೋಡುವುದಿಲ್ಲ. ಅಮೆರಿಕದ ತರುಣರ ‘ಡ್ರಮ್ ಕೋರ್’ ಎಂಬ ವಾದ್ಯದಳಗಳ ವಿಷಯದಲ್ಲಿಯೂ ಈ ಮಾತು ಸತ್ಯ. ಆ ದೇಶದಲ್ಲಿ ನೆಲೆಸಿರುವ ನಮ್ಮ ಕುಟುಂಬಗಳ ಮಕ್ಕಳು ಶಾಲೆಯ ಬ್ಯಾಂಡಿನಲ್ಲಿ ನುಡಿಸುತ್ತ ನುಡಿಸುತ್ತ ಇಂಥ ದಳಗಳತ್ತ ಆಕರ್ಷಿತರಾಗುವುದು ಸಹಜ. ಆಯ್ಕೆಯಾದ ದಿನದ ಸಂತೋಷ ದೊಡ್ಡದು. ತರಬೇತಿಯ ಮೊದಲ ವಾರದ ಭಯ ಅದಕ್ಕಿಂತಲೂ ದೊಡ್ಡದು. ಆ ಭಯವನ್ನು ಕುರಿತೇ ಈ ಲೇಖನ.

ಏನಿದು ಡ್ರಮ್ ಕೋರ್?

ಸೈನ್ಯದ ಕಹಳೆ ಮತ್ತು ನಗಾರಿಗಳ ಪರಂಪರೆಯಿಂದ ಹುಟ್ಟಿದ ಈ ಕಲೆ, ಮೊದಲನೆಯ ಮಹಾಯುದ್ಧದ ತರುವಾಯ ನಿವೃತ್ತ ಯೋಧರ ಸಂಘಗಳ ಆಶ್ರಯದಲ್ಲಿ ಬೆಳೆಯಿತು. ಹಿತ್ತಾಳೆಯ ಊದುವಾದ್ಯಗಳು, ಚರ್ಮವಾದ್ಯಗಳು, ಧ್ವಜ ಹಿಡಿದು ನರ್ತಿಸುವ ತಂಡ ಇವು ಮೂರು ಇದರ ಅಂಗಗಳು. ಕೊಳಲಿನಂಥ ವಾದ್ಯಗಳಿಗೆ ಇಲ್ಲಿ ಸ್ಥಾನವಿಲ್ಲ. ‘ಡ್ರಮ್ ಕೋರ್ ಇಂಟರ್‌ನ್ಯಾಷನಲ್’ ಎಂಬ ಸಂಸ್ಥೆಯ ಮೊದಲ ಮಹಾಸ್ಪರ್ಧೆ 1972ರಲ್ಲಿ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್‌ನಲ್ಲಿ ಜರುಗಿತು. 2009ರಿಂದೀಚೆಗೆ ಇಂಡಿಯಾನಾಪೊಲಿಸ್ ನಗರದ ಲೂಕಸ್ ಆಯಿಲ್ ಕ್ರೀಡಾಂಗಣ ಅದರ ನೆಲೆಯಾಗಿದೆ. ದೊಡ್ಡ ದಳವೊಂದರಲ್ಲಿ ನೂರೈವತ್ತಕ್ಕೂ ಹೆಚ್ಚು ಸದಸ್ಯರಿರಬಹುದು. ಎಲ್ಲರೂ ಇಪ್ಪತ್ತೆರಡರ ಆಸುಪಾಸಿನೊಳಗಿನ ಪ್ರಾಯದವರು. ಇವರಿಗೆ ಸಂಬಳವಿಲ್ಲ, ತಾವೇ ಸಾವಿರಾರು ಡಾಲರ್ ಶುಲ್ಕ ತೆತ್ತು ಸೇರುತ್ತಾರೆ.

ಮೇ ತಿಂಗಳ ಕೊನೆಯಿಂದ ಕೆಲವು ವಾರ ಬಿಡುವಿಲ್ಲದ ತರಬೇತಿ ನಡೆಯುತ್ತದೆ. ಬೆಳಗಿನ ವ್ಯಾಯಾಮದಿಂದ ರಾತ್ರಿಯ ಪೂರ್ಣ ಪ್ರಯೋಗದವರೆಗೆ ದಿನಕ್ಕೆ ಹತ್ತು ಹನ್ನೆರಡು ಗಂಟೆಗಳ ದುಡಿಮೆ. ಬಳಿಕ ಆಗಸ್ಟಿನವರೆಗೆ ಊರಿಂದೂರಿಗೆ ಪ್ರವಾಸ. ರಾತ್ರಿ ಬಸ್ಸಿನಲ್ಲಿ ಪಯಣ, ಶಾಲೆಯೊಂದರ ವ್ಯಾಯಾಮಶಾಲೆಯ ನೆಲದ ಮೇಲೆ ನಿದ್ರೆ, ಬೆಳಗಾದರೆ ಮತ್ತೆ ಮೈದಾನ. ಇಷ್ಟೆಲ್ಲವೂ ಹತ್ತು ಹನ್ನೆರಡು ನಿಮಿಷಗಳ ಒಂದು ಪ್ರದರ್ಶನಕ್ಕಾಗಿ!

ತಪ್ಪಾಗುವುದು ಏಕೆ?

ಮೊದಲ ದಿನಗಳಲ್ಲಿ ಹೊಸಬರು ಪದೇ ಪದೇ ತಪ್ಪುತ್ತಾರೆ. ‘ನನ್ನಲ್ಲಿ ಪ್ರತಿಭೆಯೇ ಇಲ್ಲ, ನನ್ನನ್ನು ಏತಕ್ಕಾದರೂ ಆರಿಸಿದರೋ’ ಎಂದು ಕೊರಗುತ್ತಾರೆ. ಯುವಮಿತ್ರರೇ, ಅದು ಪ್ರತಿಭೆಯ ಕೊರತೆಯಲ್ಲ, ಕೆಲಸದ ಸ್ವಭಾವವೇ ಅಂಥದು. ಐದು ಗಜದ ದೂರವನ್ನು ಎಂಟು ಸಮ ಹೆಜ್ಜೆಗಳಲ್ಲಿ ಕ್ರಮಿಸಬೇಕು. ಅಂದರೆ ಪ್ರತಿ ಹೆಜ್ಜೆಯೂ 22.5 ಅಂಗುಲ. ಕಾಲು ಹೀಗೆ ಅಳೆಯುತ್ತಿರುವಾಗ ಹೆಗಲ ಮೇಲೆ ಹತ್ತು ಕಿಲೋಗೂ ಮಿಕ್ಕಿದ ವಾದ್ಯ, ಕೈಯಲ್ಲಿ ಕಠಿಣವಾದ ಬಡಿತ, ಕಣ್ಣು ಸಾಲಿನ ಮೇಲೆ. ನಾಲ್ಕು ಕೆಲಸಗಳನ್ನು ಒಮ್ಮೆಗೇ ಕಲಿಯುವ ಮನಸ್ಸು ಒಂದೆರಡನ್ನು ಕೈಬಿಡುವುದು ಸಹಜವಲ್ಲವೆ?

ಇನ್ನೊಂದು ಸಂಗತಿಯಿದೆ. ಆ ಮೈದಾನದ ಅಗಲ ಸುಮಾರು 49 ಮೀಟರ್. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುವುದರಿಂದ ಹಿಂಬದಿಯ ಡೋಲಿನ ಪೆಟ್ಟು ಮುಂಬದಿಯವರನ್ನು ತಲುಪಲು ಸೆಕೆಂಡಿನ ಏಳನೆಯ ಒಂದು ಭಾಗ ಬೇಕು. ಶೀಘ್ರಗತಿಯ ಸಂಗೀತದಲ್ಲಿ ಅಷ್ಟು ವಿಳಂಬ ಸಾಕು, ತಾಳ ಒಡೆಯಲು. ಆದ್ದರಿಂದ ಮುಂಬದಿಯವರು ಹಿಂದಿನಿಂದ ಬರುವ ನಾದಕ್ಕೆ ಕಿವಿಗೊಟ್ಟು ನುಡಿಸಬೇಕು. ಹಿಂಬದಿಯವರು ಮುಂದಿನಿಂದ ಕೇಳಿಬಂದುದನ್ನು ನಂಬದೆ ನಾಯಕನ ಕೈಯನ್ನು ನಂಬಬೇಕು. ಹುಟ್ಟಿನಿಂದ ಬಂದ ಕಿವಿಯ ಅಭ್ಯಾಸವನ್ನೇ ತಿದ್ದಿಕೊಳ್ಳುವ ಈ ವಿದ್ಯೆ ಒಂದು ವಾರದಲ್ಲಿ ಯಾರಿಗೂ ಒಲಿಯುವುದಿಲ್ಲ. ನಿಮ್ಮ ಪಕ್ಕದಲ್ಲಿ ನಿಂತು ಲೀಲಾಜಾಲವಾಗಿ ಬಾರಿಸುವ ಮೂರನೆಯ ವರ್ಷದವನೂ ಒಂದು ಕಾಲಕ್ಕೆ ಹೀಗೆಯೇ ತಡವರಿಸಿದವನು.

ಏನು ಮಾಡಬೇಕು?

ಹೊರಡುವ ಮೊದಲೇ ದೇಹವನ್ನು ಸಿದ್ಧಗೊಳಿಸಿರಿ. ಬಿಸಿಲಿಗೆ ಒಗ್ಗಲು ದೇಹಕ್ಕೆ ಹತ್ತು ಹದಿನಾಲ್ಕು ದಿನ ಬೇಕು. ಕೆಲವು ವಾರ ಮುಂಚಿತವಾಗಿ ದಿನವೂ ಬಯಲಿನಲ್ಲಿ ನಡೆದು ಓಡಿ, ನಿಧಾನವಾಗಿ ಹೊತ್ತನ್ನು ಹೆಚ್ಚಿಸಿಕೊಂಡರೆ ಮೊದಲ ವಾರ ಅರ್ಧ ಗೆದ್ದಂತೆ. ಹೊಸ ಬೂಟನ್ನು ಅಲ್ಲಿಗೆ ಹೋಗಿ ಹಾಕಿಕೊಳ್ಳದೆ ಮನೆಯಲ್ಲಿಯೇ ಕಾಲಿಗೆ ಹೊಂದಿಸಿಕೊಳ್ಳಿರಿ. ಬಾಯಾರುವವರೆಗೆ ಕಾಯದೆ ನೀರು ಕುಡಿಯಿರಿ. ಬೆಳಗಿನ ಉಪಾಹಾರ ಬಿಡಬೇಡಿರಿ. ಕಿವಿಗೆ ರಕ್ಷಣೆಯಿಲ್ಲದೆ ಡೋಲಿನ ಸಾಲಿನಲ್ಲಿ ನಿಲ್ಲಬೇಡಿರಿ.

ಮೈದಾನದಲ್ಲಿ ತಮ್ಮ ತಮ್ಮ ಸ್ಥಾನಗಳನ್ನು ಬರೆದಿಡುವ ‘ಡಾಟ್ ಬುಕ್’ ಎಂಬ ಕಿರುಪುಸ್ತಕವನ್ನು ಶ್ರದ್ಧೆಯಿಂದ ತುಂಬಿರಿ. ನಿನ್ನೆ ತಿದ್ದಿದ್ದನ್ನು ಇಂದು ಮತ್ತೆ ಹೇಳಿಸಿಕೊಳ್ಳದಿರುವುದೇ ಹೊಸಬನ ದೊಡ್ಡ ಸಾಧನೆ. ಗುರುಗಳು ತಿದ್ದಿದಾಗ ಕಾರಣ ಹೇಳದೆ ತಲೆಯಾಡಿಸಿ ಮತ್ತೊಮ್ಮೆ ಮಾಡಿರಿ. ತಪ್ಪಿದ ಹೆಜ್ಜೆಗಾಗಿ ನಿಂತುಬಿಟ್ಟರೆ ಹಿಂದಿನವನೂ ಎಡವುತ್ತಾನೆ. ಮುಂದಿನ ಹೆಜ್ಜೆಯನ್ನು ಸರಿಯಾಗಿಟ್ಟರೆ ಸಾಲು ಉಳಿಯುತ್ತದೆ. ಇಡೀ ಬೇಸಗೆಯನ್ನು ಒಮ್ಮೆಗೇ ನೆನೆದು ಎದೆಗುಂದಬೇಡಿರಿ. ಮುಂದಿನ ಊಟದವರೆಗೆ ಎಂದು ಯೋಚಿಸಿರಿ. ಹನಿಗೂಡಿದರೆ ಹಳ್ಳ.

ಸಹನೆಗೂ ಒಂದು ಮೇರೆಯಿದೆ. ಸ್ನಾಯುಗಳ ಆಯಾಸ ಬೇರೆ, ಕೀಲಿನ ನೋವು ಬೇರೆ. ತಲೆಸುತ್ತು, ವಾಕರಿಕೆಗಳನ್ನು ಮುಚ್ಚಿಡುವುದು ಶೌರ್ಯವಲ್ಲ. ಅಂತೆಯೇ ಕಠಿಣ ಶಿಕ್ಷಣ ಬೇರೆ, ಅವಮಾನ ಬೇರೆ. 2018ರಲ್ಲಿ ದೌರ್ಜನ್ಯದ ದೂರುಗಳು ಬಯಲಿಗೆ ಬಂದ ತರುವಾಯ ಸದಸ್ಯರ ರಕ್ಷಣೆಯ ನಿಯಮಗಳು ಬಿಗಿಯಾಗಿವೆ. ಯಾರಾದರೂ ಮರ್ಯಾದೆ ಮೀರಿದರೆ ಅದನ್ನು ಒಡನೆಯೇ ಹಿರಿಯರಿಗೂ ಮನೆಯವರಿಗೂ ತಿಳಿಸತಕ್ಕದ್ದು.

ಪಾಲಕರಿಗೆ

ಮೊದಲ ವಾರ ಮಗನೋ ಮಗಳೋ ದೂರವಾಣಿಯಲ್ಲಿ ಅತ್ತರೆ ತಾಯಂದಿರ ಕರುಳು ಚುರುಗುಟ್ಟುತ್ತದೆ. ‘ಬಂದುಬಿಡು ಮಗು’ ಎನ್ನುವ ಮೊದಲು ಮೂರು ಪ್ರಶ್ನೆ ಕೇಳಿರಿ: ಉಂಡೆಯಾ? ಮಲಗಿದೆಯಾ? ನಿನ್ನನ್ನು ಯಾರಾದರೂ ನೋಯಿಸಿದರೆ? ಮೂರನೆಯದಕ್ಕೆ ‘ಹೌದು’ ಎಂದರೆ ತಡಮಾಡದೆ ಧಾವಿಸಿರಿ. ಬರಿಯ ದಣಿವಾದರೆ ‘ನಾಳೆ ಒಂದು ದಿನ ನೋಡು’ ಎಂದು ಧೈರ್ಯ ಹೇಳಿರಿ. ಸಾಧ್ಯವಿದ್ದವರು ದಳದ ಅಡುಗೆಯ ಗಾಡಿಯಲ್ಲಿ ನಾಲ್ಕು ದಿನ ಸ್ವಯಂಸೇವೆ ಮಾಡಬಹುದು. ಅನೇಕ ದಳಗಳು ಪಾಲಕರ ಇಂಥ ದುಡಿಮೆಯಿಂದಲೇ ನಡೆಯುತ್ತವೆ.

ಒಬ್ಬನ ಬೆಲೆ

‘ನೂರೈವತ್ತು ಜನರಲ್ಲಿ ನಾನೊಬ್ಬ ಇದ್ದರೆಷ್ಟು, ಬಿಟ್ಟರೆಷ್ಟು?’ ಎಂಬ ಯೋಚನೆ ಬಂದಾಗ 2008ರ ಅಂತಿಮ ಸ್ಪರ್ಧೆಯನ್ನು ನೆನೆಯಿರಿ. ರಾಕ್‌ಫರ್ಡ್ ನಗರದ ಫ್ಯಾಂಟಮ್ ರೆಜಿಮೆಂಟ್ ದಳ 98.125 ಅಂಕ ಗಳಿಸಿತು. ಬ್ಲೂ ಡೆವಿಲ್ಸ್ ದಳಕ್ಕೆ 98.100. ಒಂದು ಅಂಕದ ನಲವತ್ತನೆಯ ಒಂದು ಭಾಗದಿಂದ ಜಯ! ಅಷ್ಟು ಕೂದಲೆಳೆಯ ಅಂತರದಲ್ಲಿ ಯಾವ ಹೊಸಬನ ಯಾವ ಹೆಜ್ಜೆ ಲೆಕ್ಕಕ್ಕೆ ಬಂತೆಂದು ಯಾರು ಹೇಳಬಲ್ಲರು? ಒಹಾಯೊದ ಬ್ಲೂಕೋಟ್ಸ್ ದಳ 1972ರಲ್ಲಿ ಹುಟ್ಟಿ, ಮೊದಲ ಬಾರಿ ಅಗ್ರಸ್ಥಾನ ಪಡೆದದ್ದು 2016ರಲ್ಲಿ. ನಡುವಣ ನಲವತ್ತನಾಲ್ಕು ವರ್ಷ ಪ್ರಶಸ್ತಿಯಿಲ್ಲದೆಯೂ ಬಿಸಿಲಿನಲ್ಲಿ ದುಡಿದ ತರುಣರ ಪಾಲೂ ಆ ಜಯದಲ್ಲಿ ಇದೆ.

ಫಲ ಕೈಸೇರುವುದು ನಮ್ಮ ಕಾಲದಲ್ಲಿಯೋ ಮುಂದಿನವರ ಕಾಲದಲ್ಲಿಯೋ ಬಲ್ಲವರಾರು? ಒಪ್ಪಿಕೊಂಡ ಕೆಲಸವನ್ನು ಕೊನೆಮುಟ್ಟಿಸುವ ಗುಣ ಮಾತ್ರ ಈ ಒಂದೇ ಬೇಸಗೆಯಲ್ಲಿ ನಿಮ್ಮದಾಗುತ್ತದೆ. ಅದನ್ನು ಆಗಸ್ಟಿನಲ್ಲಿ ವಾದ್ಯದೊಡನೆ ಹಿಂದಿರುಗಿಸಬೇಕಾಗಿಲ್ಲ.